ಬ್ಯಾಕ್ ಅಂದದ್ದಕ್ಕ ಹೋದ ನೌಕರಿ

ಬ್ಯಾಕ್ ನಿಂದ್ರಸ್ಯಾರಂತ ಹಿಂಗ ಮಾರಿ ಉಬ್ಬಸಿಕೊಂಡು ಕುಂತ್ರ ಹ್ಯಾಂಗ ಶಿಲ್ಪಾ, ನಿಮ್ಮ ಮುತ್ಯಾ ನಾನೂ ಬ್ಯಾಕೇ ಇದ್ದೆ, ಶಹಾಬಾದದ ಫುಟ್‌ಬಾಲ್ ಟೀಮಿನ್ಯಾಗ, ಎದುರಿನವರು ಗೋಲ್ ಹೊಡಿಯದಂಗ ತಡಿಯಾಂವ. ಬೂಟು ಎಲ್ಲಿವು? ಬರಿಗಾಲು. ಮೈದಾನ ಅಂದ್ರ ಖಣಿ ಮಗ್ಗಲದ ಬಯಲು, ತುಂಬ ನೆಲಕ್ಕ ಹಾಸೋ ಫರ್ಸಿ ಕಲ್ಲಿನ ಚೂರು, ಬಿದ್ರ ಮೊಣಕಾಲು ಕಿತ್ತು ಹೋಗ್ತಿತ್ತು. ನಾ ಬೀಳ್ತಿದ್ದೆ, ಬಿದ್ದೇ ಚೆಂಡು ಕಸೀತಿದ್ದೆ. ಅವಾಗ ಫ್ಯಾಕ್ಟರಿಯವರು ಸುತ್ತಲ ಊರಿನ ಚಲೋ ಆಟಗಾರರಿಗೆ ನೌಕರಿ ಕೊಡ್ತಿದ್ರು. ನಮ್ಮಪ್ಪ ಖಣ್ಯಾಗ ಕಲ್ಲು ಒಡದು ಒಡದು ಕೆಮ್ಮು ಹಿಡದು ಮಲಗಿದ್ದ. ಮನ್ಯಾಗ ಒಲಿ ಹತ್ತಬೇಕಂದ್ರ ಆ ನೌಕರಿ ನನಗ ಸಿಗಲೇಬೇಕಿತ್ತು. ಕಡೀ ಮ್ಯಾಚು ಚಿತ್ತಾಪುರದವರ ಜೋಡಿ, ಅಲ್ಲ ಅಲ್ಲ, ವಾಡಿಯವರ ಜೋಡಿ. ಅವರ ಇಸ್ಮಾಯಿಲ್ ಅಂದ್ರ ಹೋದ ಹೋದ ಊರಾಗ ಗೋಲ್ ಹೊಡದಾಂವ. ಅವತ್ತು ಒಂದೂ ಹೊಡೀಲಿಲ್ಲ. ನಾ ಬಿಡಲಿಲ್ಲ. ಗೆದ್ವಿ.

ಮರುದಿನ ಫ್ಯಾಕ್ಟರಿ ಮ್ಯಾನೇಜರ್ ಸಾಹೇಬ ನನ್ನನ್ನೂ ಇಸ್ಮಾಯಿಲನನ್ನೂ ಕರಸಿದ. ಇದ್ದದ್ದು ಒಂದೇ ಜಾಗಾ. ಆಟ ನೋಡಲಿಕ್ಕೇ ಬಂದಿರಲಿಲ್ಲ ಅಂವ, ನೋಡು. ಎಷ್ಟು ಗೋಲ್ ಹೊಡದಿ ಅಂತ ಇಸ್ಮಾಯಿಲಗ ಕೇಳಿದ, ಇಸ್ಮಾಯಿಲ್ ಊರೂರಿನ ಲೆಕ್ಕ ಹೇಳಿದ. ಆಮ್ಯಾಲ ನನ್ನ ಕಡಿ ತಿರುಗಿದ.

"ನೀ ಏನಿದ್ದಿ?"

"ಬ್ಯಾಕ್ ಇದ್ದೆರಿ."

"ಬ್ಯಾಕ್ ಇದ್ದಾಂವ ಬ್ಯಾಕೇ ಇರಪ್ಪ."

ನಕ್ಕ. ಆಫೀಸ್ ತುಂಬ ನಕ್ರು. ಇಸ್ಮಾಯಿಲ್ ಒಬ್ಬನೇ ನಗಲಿಲ್ಲ, "ಸಾಬ್, ನಿನ್ನೆ ಇಂವ ನನಗ ಚೆಂಡು ಮುಟ್ಟಗೊಡಲಿಲ್ರಿ" ಅಂದ. ಯಾರು ಕೇಳ್ತಾರ? ನೌಕರಿ ಅವನಿಗೇ ಆಯ್ತು.

ಇವತ್ತಿಗೂ ನೆನಸಿದ್ರ ಮೈ ಉರೀತದ. ಇಸ್ಮಾಯಿಲನ ಮ್ಯಾಲಲ್ಲ, ಅಂವ ಚಲೋ ಮನಷ್ಯಾ. ಆ ನಗೀ ಮ್ಯಾಲ. ಅಪ್ಪನ ಸುತ್ತಿಗಿ ಹಿಡದು ಅದೇ ಖಣ್ಯಾಗ ಇಳದೆ, ಮುಂದ ಕಲ್ಲಿನ ವ್ಯಾಪಾರಕ್ಕ ಬಿದ್ದೆ. ಒಂದಿನ ಅದೇ ಸಾಹೇಬ ತನ್ನ ಬಂಗಲೆಗೆ ಫರ್ಸಿ ಬೇಕಂತ ನನ್ನ ಅಂಗಡಿಗೇ ಬಂದ. ಗುರುತು ಹಿಡೀಲಿಲ್ಲ. ಕೊಟ್ಟೆ, ಯಾಕ ಕೊಡಬಾರದು? ಸಿಟ್ಟು ಬ್ಯಾರೆ, ಧಂದೆ ಬ್ಯಾರೆ. ಆದ್ರ ಈ ಸಲ ಬರೇ ಕಲ್ಲು ಅದರಿ ಅನ್ನಲಿಲ್ಲ. ಬ್ಯಾಸಗ್ಯಾಗ ನೆಲ ತಣ್ಣಗಿರ್ತದ, ಮೊಮ್ಮಕ್ಕಳು ಓಡ್ಯಾಡಿದ್ರೂ ಸವೆಯಂಗಿಲ್ಲ ಅಂದೆ. ರೊಕ್ಕ ಎಣಿಸಿ ಕೊಟ್ಟು ಒಯ್ದ.

ಅದಕ್ಕ ಹೇಳ್ತೀನಿ, ಬ್ಯಾಕ್ ನಿಂದ್ರು, ಚಲೋ ನಿಂದ್ರು. ಆದ್ರ ಏನಿದ್ದಿ ಅಂತ ಯಾರರ ಕೇಳಿದ್ರ ಬ್ಯಾಕ್ ಅನಬ್ಯಾಡ. ನನ್ನ ದಾಟಿ ಯಾರೂ ಹೋಗಿಲ್ಲ ಅನ್ನು. ನಮ್ಮ ಮಾಲು ಏನು ಕೆಲಸ ಮಾಡ್ತದಂತ ನಾವೇ ಬಾಯಿಬಿಟ್ಟು ಹೇಳಬೇಕು. ಏಳು, ಬೂಟು ತೊಳಿ.