ಮಿಲ್ಲಿನ ಅಂಗಳದಲ್ಲಿ ಫೈನಲ್

ಕಂಪ್ಲಿ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಅಕ್ಕನ ಮಗ.

"ಚಿಗವ್ವ, ಏಷ್ಯನ್ ಗೇಮ್ಸ್ ವಾಲಿಬಾಲ್‌ಗೆ ಜಪಾನಿನವ್ರು ಊರಾಗಿದ್ದ ಹಳೇ ಸ್ಟೇಡಿಯಮ್ಮೇ ಕೊಟ್ಟಾರಂತ."

"ಅದಕ್ಕ ನಾನೇನ್ ಮಾಡ್ಲಿ, ಮೌನೇಶ?"

"ಭಾನುವಾರ ನಮ್ಮ ಫೈನಲ್ ಐತಿ. ನಿಮ್ಮ ಅಕ್ಕಿ ಮಿಲ್ಲಿನ ಅಂಗಳ ಕೊಡಸು."

"ಅಲ್ಲಿ ಭತ್ತ ಒಣಗಾಕ ಹಾಕೇವಿ."

"ಸ್ವಲ್ಪ ಬದಿಗೆ ಸರಸ್ರಿ."

"ಜಪಾನಿನ್ಯಾಗ ಸ್ಟೇಡಿಯಂ ಕಸ ಯಾರ್ ಹೊಡೀತಾರ?"

"ಆಟ ನೋಡಾಕ ಬಂದವ್ರೇ ಹೊಡೀತಾರ, ಚಿಗವ್ವ! ವಿಡಿಯೋದಾಗ ನೋಡೀನಿ. ಭಾಳ ಶಿಸ್ತು."

"ಹೌದಾ? ಹಂಗಾದ್ರ ನೀವು ಆಡೋರೇ ಬಂದು ಭತ್ತ ಗುಡಿಸಿ ರಾಶಿ ಹಾಕ್ರಿ. ಆಟ ಮುಗದಮ್ಯಾಲ ಮತ್ತ ಹರವ್ರಿ."

ಮಿಲ್ಲಿನ ಸ್ಟಾಪು ಬಂತು. ಅವಳು ಇಳಿದು ಕಿಟಕಿಯ ಬಳಿ ಬಂದಳು.

"ಸೋತಮ್ಯಾಲ ಕಾಳಿನ ಮ್ಯಾಲ ಕಾಲು ಜಾರ್ತು ಅನ್ನಬ್ಯಾಡ. ಗುಡಿಸಿದವ ನೀನೇ ಇರ್ತೀ!"