ಮಲಗಿಸದೆ ಉಳಿದ ಗೊಂಬೆ

ಟ್ಯೂಬ್‌ಲೈಟ್ ಆರಿಸೋದಾದರೆ ಆರಿಸಿ. ಆಮೇಲೆ ನನ್ನನ್ನು ಬೈಯಬೇಡಿ, ಅಷ್ಟೇ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಚಿಕ್ಕಮ್ಮನ ಮಗ ಋಷಿಕೇಶನಿಗೆ ಆದದ್ದು. ಅರ್ಧ ಅವನು ಹೇಳಿದ್ದು, ಇನ್ನರ್ಧ ನಾನೇ ನೋಡಿದ್ದು.

ಕಲ್ಕತ್ತ. ಎರಡು ಸಾವಿರದ ಆರನೇ ಇಸವಿ. ವಿಜಯದಶಮಿ ಮುಗಿದ ಮಾರನೆಯ ರಾತ್ರಿ…

ಋಷಿಗೆ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕೆಲಸ. ಅಮೆರಿಕದವರು ಹಗಲು ಎದ್ದಿರಲಿ ಅಂತ ಇವನು ರಾತ್ರಿಯೆಲ್ಲ ಎದ್ದಿರಬೇಕು. ಆಗ ಆ ಊರಲ್ಲಿ ಓದಿದ ಹುಡುಗರೆಲ್ಲ ಗೂಬೆಗಳೇ ಆಗಿಹೋಗಿದ್ದರು. ಆಫೀಸಿನ ಸುಮೋ ಬೆಳಗಿನ ಜಾವದ ಕತ್ತಲಲ್ಲೇ ಅವನನ್ನು ಢಾಕುರಿಯಾದ ಗಲ್ಲಿಯ ಬಾಯಲ್ಲಿ ಇಳಿಸಿ ಹೋಗುತ್ತಿತ್ತು. ಗಲ್ಲಿ ಕಿರಿದು, ಗಾಡಿ ಒಳಗೆ ನುಗ್ಗುವುದಿಲ್ಲ. ಅಲ್ಲಿಂದ ಮನೆಯವರೆಗೆ ನಡಿಗೆ. ದಾರಿಯ ಎಡಕ್ಕೆ ಒಂದು ಕೊಳ, ಅಲ್ಲಿನವರ ಬಾಯಲ್ಲಿ ಪುಕುರ್. ಅದರ ಮೇಲೆ ಬಗ್ಗಿ ನಿಂತ ಆಲದಮರ.

ದುರ್ಗೆಯನ್ನು ನೀರಿಗೆ ಬಿಟ್ಟು ಬಂದಾಗಿತ್ತು. ಖಾಲಿ ಪೆಂಡಾಲಿನಲ್ಲಿ ಒಂದೇ ಒಂದು ಹಣತೆ. ಅಷ್ಟು ದಿನ ಢಾಕ್ ಡೋಲು ಬಡಿದು ಬಡಿದು, ಆಮೇಲೆ ಇಳಿಯುತ್ತದಲ್ಲ ಮೌನ… ಅದಕ್ಕಿಂತ ಗಲಾಟೆಯೇ ವಾಸಿ ಅನ್ನಿಸುತ್ತದೆ.

ಋಷಿ ಆಲದಮರ ದಾಟಿದ.

ಟಕ್… ಟಕ್… ಟಕ್.

ನಿಂತ. ಏನೂ ಇಲ್ಲ. ಆಲದ ಹಣ್ಣು ಬಿದ್ದಿರಬೇಕು ಅಂದುಕೊಂಡ. ಹಣ್ಣು ನೀರಿಗೆ ಬಿದ್ದರೆ ಪುಳಕ್ ಅನ್ನಬೇಕು ತಾನೆ? ಇದು ಬೆರಳಿನ ಗೆಣ್ಣಿನಿಂದ ಕಿಟಕಿಯ ಗಾಜು ಬಡಿದ ಸದ್ದು. ಮಂದವಾಗಿ… ನೀರಿನ ಒಳಗಿಂದ.

ಟಕ್… ಟಕ್… ಟಕ್.

ಮೆಟ್ಟಿಲು ಹತ್ತಿ ಬಂದವನಿಗೆ ಬಾಗಿಲು ತೆಗೆದವಳು ನಾನು. ಆಗ ನಾನೂ ಅದೇ ಊರಲ್ಲಿ ಓದುತ್ತಿದ್ದೆ. ಪೂಜಾ ರಜಕ್ಕೆ ಹಾಸ್ಟೆಲಿನ ಮೀನಿನ ವಾಸನೆಯಿಂದ ತಪ್ಪಿಸಿಕೊಂಡು ಚಿಕ್ಕಮ್ಮನ ಸಾರಿಗೆ ಓಡಿಬಂದಿದ್ದೆ. ಚಿಕ್ಕಪ್ಪ ರೈಲ್ವೆಯವರು, ಆ ವಾರ ಊರಲ್ಲಿರಲಿಲ್ಲ.

"ಪದ್ಮಿನಿ ಅಕ್ಕಾ… ಏನಾದ್ರೂ ಕೇಳಿಸ್ತಾ ನಿಂಗೆ?" ಪಿಸುಗುಟ್ಟಿದ.

"ಏನೋ?"

"ಕುಛ್ ನಹೀ. ಛೋಡೋ."

ಅವನು ಹುಟ್ಟಿ ಬೆಳೆದದ್ದೇ ಅಲ್ಲಿ. ಕನ್ನಡ ಕಿವಿಗೆ ಚೆನ್ನಾಗಿ ಬರುತ್ತದೆ, ನಾಲಗೆಗೆ ಬರುವಷ್ಟರಲ್ಲಿ ಹಿಂದಿಯಾಗಿಬಿಡುತ್ತದೆ.

ಹೋಗಿ ಮಲಗಿದ. ದೀಪ ಆರಿಸಿದ. ಆಗ ಅವನ ರೂಮಿನಲ್ಲೇ, ಬೀರುವಿನ ಮೇಲಿಂದ… ಅದೇ ಸದ್ದು. ಆದರೆ ತೀರ ಚಿಕ್ಕದು. ಉಗುರಿನ ತುದಿಯಷ್ಟು.

ಟಿಕ್… ಟಿಕ್… ಟಿಕ್.

ಬೀರುವಿನ ಮೇಲಿದ್ದದ್ದು ಅವನೇ ಮಾಡಿದ ವಿಮಾನ.

ಈಗ ಆ ವಿಮಾನದ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಚಿಕ್ಕಮ್ಮ ಇಂದಿರಮ್ಮ ಮೈಸೂರಿನವಳು. ಊರೆಲ್ಲ ದುರ್ಗೆ ಅಂದರೆ ಇವಳ ಮನೆಯಲ್ಲಿ ಗೊಂಬೆ ಹಬ್ಬ. ಪಟ್ಟದ ರಾಜ ರಾಣಿ ಮೇಲಿನ ಮೆಟ್ಟಿಲಲ್ಲಿ, ಕೆಳಗೆ ಸೆಟ್ಟಿ ದಂಪತಿ, ಅದರ ಕೆಳಗೆ ಬ್ಯಾಂಡಿನವರು, ಎಲ್ಲಕ್ಕಿಂತ ಕೆಳಗೆ ನೆಲದ ಮೇಲೆ ಪಾರ್ಕು. ಪಾರ್ಕು ಋಷಿಯ ಪಾಲಿನದು. ಚಿಕ್ಕವನಿದ್ದಾಗ ಕನ್ನಡಿ ಇಟ್ಟು ಕೊಳ ಮಾಡಿ ಪ್ಲಾಸ್ಟಿಕ್ ಬಾತು ಬಿಡುತ್ತಿದ್ದ. ಸಂಬಳ ಬರೋಕೆ ಶುರುವಾದ ಮೇಲೆ ಹುಚ್ಚು ದೊಡ್ಡದಾಯಿತು. ಎಸ್ಪ್ಲನೇಡಿನ ಹತ್ತಿರ ಒಂದು ಅಂಗಡಿಯಿಂದ ಯುದ್ಧವಿಮಾನಗಳ ಕಿಟ್ ತಂದು, ಚಿಮಟ ಹಿಡಿದು ಒಂದೊಂದೇ ತುಂಡು ಜೋಡಿಸುತ್ತಿದ್ದ.

ಆ ವರ್ಷ ಅವನ ತಲೆಗೆ ಹೊಕ್ಕಿದ್ದು ಬಿದ್ದ ವಿಮಾನ. ಮಹಾಯುದ್ಧದ ಕಾಲದಲ್ಲಿ ನಮ್ಮ ಗಲ್ಲಿಯ ಕೊಳಕ್ಕೇ ಒಂದು ಬಿದ್ದಿತ್ತು ಅಂತ ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಅದನ್ನೇ ಮಾಡಿದ. ಹಲಗೆಯ ಮೇಲೆ ಕೊಳ, ಕೆಸರಿನ ಬಣ್ಣ ಬೆರೆಸಿ ಹುಯ್ದ ಅಂಟಿನ ನೀರು, ಮೂಗು ಮುಳುಗಿ ಬಾಲ ಎತ್ತಿದ ವಿಮಾನ, ಮುರಿದ ಒಂದು ರೆಕ್ಕೆ. ಬಣ್ಣ ಬಳಿದು, ಅದರ ಮೇಲೆ ತುಕ್ಕು ಬಳಿದು, ತುಕ್ಕಿನ ಮೇಲೆ ಪಾಚಿ ಬಳಿದ. ಹೊಸದನ್ನು ಹಳೆಯದು ಮಾಡಲು ಅಷ್ಟು ಒದ್ದಾಡುವವನನ್ನು ನಾನು ಬೇರೆ ನೋಡಿಲ್ಲ. ಚಿಕ್ಕಮ್ಮ ಸುತ್ತಲೂ ರಾಗಿ ಪೈರು ಇಟ್ಟಳು. "ಅಮ್ಮಾ, ಈ ಸ್ಕೇಲ್‌ಗೆ ಅದು ಹುಲ್ಲಲ್ಲ, ತೆಂಗಿನಮರ!" ಅಂತ ಇವನು ಕುಣಿದ. "ಗೊಂಬೆ ಅಂದ್ಮೇಲೆ ಪೈರು ಇರ್ಬೇಕು, ಸುಮ್ನಿರು," ಅಂದಳು.

ಒಳಗೆ ಪೈಲಟ್. ಹೆಬ್ಬೆಟ್ಟಿಗಿಂತ ಚಿಕ್ಕವನು. ಮಂಡಿ ಮಡಿಸಿ ಕೂತ ಹಾಗೇ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್. ಕೈಗವಸಿಗೆ ಇವನು ಒಂದೇ ಕೂದಲಿನ ಬ್ರಷ್ಷಿನಲ್ಲಿ ಕಂದು ಬಣ್ಣ ಹಚ್ಚಿದ್ದ. ಅವನ ತಲೆಯ ಮೇಲೆ ಗಾಜಿನಂಥ ಮುಚ್ಚಳ ಕೂರಿಸಬೇಕು. ಅದಕ್ಕೆ ಬಿಳೀ ಅಂಟೇ ಹಾಕಬೇಕು, ಸೂಪರ್ ಗ್ಲೂ ಹಾಕಿದರೆ ಅದರ ಹಬೆಗೆ ಮುಚ್ಚಳ ಒಳಗಿನಿಂದ ಮಂಜು ಕಟ್ಟುತ್ತದೆ, ಇದು ಆ ಕೆಲಸದವರಿಗೆಲ್ಲ ಗೊತ್ತು. ಆದರೆ ಬೆಳಗಾದರೆ ಪಾಡ್ಯ, ಗೊಂಬೆ ಕೂರಿಸಬೇಕು. ಬಿಳೀ ಅಂಟು ಒಣಗೋಕೆ ಹೊತ್ತು ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ. ಸೂಪರ್ ಗ್ಲೂ ಹಾಕಿ ಮುಚ್ಚಿದ. ಬೆಳಗ್ಗೆ ನೋಡಿದರೆ ಮುಚ್ಚಳ ಬೆಳ್ಳಗೆ… ಒಳಗೆ ಯಾರೋ ಉಸಿರು ಬಿಟ್ಟ ಹಾಗೆ. ಪೈಲಟ್ ಕಾಣಿಸುತ್ತಲೇ ಇರಲಿಲ್ಲ.

ನವರಾತ್ರಿಯಲ್ಲಿ ಚಿಕ್ಕಮ್ಮ ದಿನಾ ಸಂಜೆ ಹಾಡು ಹೇಳಿ ಎಲ್ಲ ಗೊಂಬೆಗಳಿಗೂ ಆರತಿ ಎತ್ತುತ್ತಿದ್ದಳು. ತಟ್ಟೆ ಮೇಲಿಂದ ಇಳಿದು ಇಳಿದು ಕೊನೆಗೆ ವಿಮಾನದ ಮುಂದೂ ಒಂದು ಸುತ್ತು. ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಅರಿಶಿನ ಕುಂಕುಮಕ್ಕೆ ಕೆಳಗಿನ ಮನೆಯ ಪ್ರಫುಲ್ಲಾ ದೀದಾ ಬಂದರು. ಎಂಬತ್ತರ ಹತ್ತಿರದ ಬಂಗಾಳಿ ಅಜ್ಜಿ. ಗೊಂಬೆ ನೋಡಿ ನಗುನಗುತ್ತಾ ಕೆಳಗೆ ಬಂದವರು ವಿಮಾನದ ಮುಂದೆ ನಿಂತುಬಿಟ್ಟರು. ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, "ಮುಚ್ಚಳ ಮುಚ್ಚಿತ್ತು ಅಂತ ಇವನಿಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

"ನಾನು ದಡದಲ್ಲಿದ್ದೆ. ಗಲ್ಲಿಯೆಲ್ಲಾ ದಡದಲ್ಲಿತ್ತು. ಆ ಪೈಲಟ್ ಒಳಗಿಂದ ಬಡೀತಿದ್ದ… ಮೂರು ಸಲ ಬಡೀತಿದ್ದ, ನಿಲ್ಲಿಸ್ತಿದ್ದ. ಮತ್ತೆ ಮೂರು. ಗಾಜಿನ ಮೇಲೆ ಅವನ ಉಸಿರು ಕಾಣ್ತಿತ್ತು. ನೀರಿಗೆ ಇಳಿಯೋಕೆ ಯಾರಿಗೂ ಧೈರ್ಯ ಬರ್ಲಿಲ್ಲ, ಪೆಟ್ರೋಲಿಗೆ ಬೆಂಕಿ ಹತ್ತಿಕೊಳ್ಳುತ್ತೆ ಅಂತ. ಮಿಲಿಟರಿಯೋರು ಬರೋ ಹೊತ್ತಿಗೆ… ಸದ್ದು ನಿಂತಿತ್ತು."

ತಾಂಬೂಲ ತೆಗೆದುಕೊಳ್ಳದೆ ಇಳಿದು ಹೋದರು. ಋಷಿ ಅವತ್ತು ಊಟ ಮಾಡಲಿಲ್ಲ.

ದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸುವುದು ಪದ್ಧತಿ. ಕೆಲವರು ಪಟ್ಟದ ಗೊಂಬೆಯನ್ನಷ್ಟೇ ಮಲಗಿಸುತ್ತಾರೆ. ನಮ್ಮ ಚಿಕ್ಕಮ್ಮ ಹಾಗಲ್ಲ. ರಾಜ, ರಾಣಿ, ಸೆಟ್ಟಿ, ಬ್ಯಾಂಡಿನವರು, ಕೊನೆಗೆ ಪ್ಲಾಸ್ಟಿಕ್ ಬಾತೂ ಸೇರಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಒರಗಿಸಿ ಜೋಗುಳ ಹೇಳಿ ಹೊದಿಸಬೇಕು. ಅಷ್ಟು ದಿನ ಆರತಿ ಎತ್ತಿ ಎಬ್ಬಿಸಿ ಕೂರಿಸಿದ್ದೀವಿ, ಮಲಗಿಸದೆ ಬಿಟ್ಟರೆ ಪಾಪ ಅಲ್ಲವೇನೇ ಅನ್ನುತ್ತಿದ್ದಳು. ಮಾರನೆಯ ದಿನ ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ. ವಿಮಾನದ ಹಲಗೆಯನ್ನು ಮಾತ್ರ ಋಷಿ ಎತ್ತಿ ಬೀರುವಿನ ಮೇಲಿಟ್ಟುಕೊಂಡಿದ್ದ. ಅಷ್ಟು ಕಷ್ಟಪಟ್ಟದ್ದು, ಎಲ್ಲರೂ ನೋಡಲಿ ಅಂತ.

ಆ ರಾತ್ರಿಯಿಂದ ಅವನಿಗೆ ನಿದ್ದೆ ಇಲ್ಲ. ಹಗಲು ಮಲಗುವವನು ಹಗಲೂ ಮಲಗಲಿಲ್ಲ. ಮನೆಯಲ್ಲಿ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ಕೂತರೆ ಕಾಲು ಅದುರುತ್ತಿತ್ತು. ಮಂಡಿ ಒತ್ತಿ ಒತ್ತಿ ಹಿಡಿದುಕೊಳ್ಳುತ್ತಿದ್ದ. "ಕಾಲು ಹಿಡಿದ ಹಾಗಾಗುತ್ತೆ ಅಕ್ಕಾ… ಚಾಚೋಕೇ ಆಗಲ್ಲ."

ಒಂದು ಸಂಜೆ ನನ್ನನ್ನು ಕರೆದು ಮುಚ್ಚಳ ತೋರಿಸಿದ. ಆ ಬಿಳೀ ಮಂಜಿನ ನಡುವೆ ಸಾಸಿವೆ ಕಾಳಿನಷ್ಟು ಜಾಗ ಸ್ವಚ್ಛವಾಗಿತ್ತು. ನಾನು ಸ್ಟ್ಯಾಟಿಸ್ಟಿಕ್ಸ್ ಓದುವವಳು, ಹೊರಗಿನಿಂದ ಬೆರಳಲ್ಲಿ ಉಜ್ಜಿ ನೋಡಿದೆ. ಒರೆಸಿದ್ದು ಹೊರಗಿನಿಂದಲ್ಲ.

"ಕಿಟಕಿ ಹಾಕಿ ಮಲಗು," ಅಂದೆ. ಇನ್ನೇನು ಹೇಳಲಿ?

ಮೂರನೆಯ ರಾತ್ರಿ ಸುಮೋ ಗಲ್ಲಿಯ ಬಾಯಲ್ಲಿ ನಿಂತ ಸದ್ದು ಕೇಳಿಸಿತು. ಬಾಗಿಲು ಎಳೆದದ್ದು, ಧಡ್ ಅಂತ ಹಾಕಿದ್ದು, ಗಾಡಿ ಹೊರಟದ್ದು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಬೇಕು… ಕೇಳಲಿಲ್ಲ. ಚಿಕ್ಕಮ್ಮ ಎದ್ದು ಕೂತಳು. ಇನ್ನೂ ಕೇಳಲಿಲ್ಲ.

ಇಬ್ಬರೂ ಬರಿಗಾಲಲ್ಲಿ ಓಡಿದೆವು. ಆಲದ ಕೆಳಗೆ ಅವನ ಬೂಟು, ಬ್ಯಾಗು, ಕುತ್ತಿಗೆಯ ಐಡಿ ಕಾರ್ಡು ಒಪ್ಪವಾಗಿ ಇಟ್ಟಿದ್ದವು. ಋಷಿ ಕೊಳದಲ್ಲಿ ಎದೆಮಟ್ಟ ನಿಂತು, ನೀರೊಳಗೆ ಕೈ ಆಡಿಸಿ ಹುಡುಕುತ್ತಿದ್ದ. ಅವನಿಗೆ ಈಜು ಬರುವುದಿಲ್ಲ.

"ಋಷೀ…" ಚಿಕ್ಕಮ್ಮ ಕೂಗಲಿಲ್ಲ, ಪಿಸುಗುಟ್ಟಿದಳು. ಕೂಗಿದರೆ ಇನ್ನೊಂದು ಹೆಜ್ಜೆ ಮುಂದಿಟ್ಟುಬಿಡುತ್ತಾನೆ ಅಂತ ಭಯ.

"ಅಮ್ಮಾ, ಓ ಅಂದರ್ ಹೈ. ಒಳಗೇ ಇದಾನೆ. ಯಾರೂ ತೆಗೀತಿಲ್ಲ."

"ತೆಗೆಯೋಣ ಬಾ. ನಾನು ತೆಗೀತೀನಿ. ನೀನು ಬಾ ಕಂದಾ."

ಎಷ್ಟು ಹೊತ್ತು ಹಾಗೆ ಕರೆದಳೋ. ಅವನು ತಿರುಗಿದ, ಬಂದ. ನಾನು ಕೈ ಹಿಡಿದು ಎಳೆದುಕೊಂಡೆ. ಮಂಜುಗಡ್ಡೆಯಂಥ ಕೈ. ನಮ್ಮ ಬೆನ್ನ ಹಿಂದೆ, ನೀರಿನಲ್ಲಿ… ಟಕ್. ಒಂದೇ ಸಲ. ಇದನ್ನು ನಾನೇ ಕೇಳಿದೆ. ಆಣೆ ಬೇಕಾದರೂ ಇಡುತ್ತೇನೆ.

ಮನೆಗೆ ಬಂದು ಅವನ ತಲೆ ಒರೆಸುತ್ತಾ ಚಿಕ್ಕಮ್ಮ ಬೀರುವಿನ ಮೇಲೆ ನೋಡಿದಳು. ಟವೆಲ್ ಹಿಡಿದ ಕೈ ನಿಂತುಹೋಯಿತು.

"ಅಯ್ಯೋ… ಎಲ್ಲರನ್ನೂ ಮಲಗಿಸಿದೆ. ಇವನನ್ನ ಮಲಗಿಸಲೇ ಇಲ್ಲವಲ್ಲೇ!"

ಹಲಗೆ ಕೆಳಗಿಳಿಸಿದಳು. ಋಷಿಯ ಸಣ್ಣ ಕತ್ತಿಯನ್ನು ಮುಚ್ಚಳದ ಸಂದಿಗೆ ಇಟ್ಟಳು. ಕಲ್ಲಿನಂತೆ ಹಿಡಿಯುವ ಅಂಟು ಅದು. ಆದರೆ ಇವಳು ಒತ್ತುವ ಮೊದಲೇ ಟಪ್ ಅಂತ ಎದ್ದಿತು. ಕೆಸರಿನ ವಾಸನೆ… ರೂಮು ತುಂಬ. ಕೂರಿಸಿ ಅಂಟಿಸಿದ್ದ ಪೈಲಟ್, ಎರಡು ಬೆರಳಲ್ಲಿ ಹಿಡಿದರೆ ಸಲೀಸಾಗಿ ಮೇಲೆ ಬಂದ. ದೀಪದ ಹತ್ತಿರ ಹಿಡಿದಳು. ಕೈಗವಸಿನ ಕಂದು ಬಣ್ಣ ಗೆಣ್ಣುಗಳ ಮೇಲೆ ಸವೆದು ಒಳಗಿನ ಬಿಳೀ ಪ್ಲಾಸ್ಟಿಕ್ ಕಾಣುತ್ತಿತ್ತು.

ಚಿಕ್ಕಮ್ಮ ಅತ್ತುಬಿಟ್ಟಳು. ಭಯಕ್ಕಲ್ಲ. "ಯಾವ ತಾಯಿ ಮಗನೋ. ಕೂತೂ ಕೂತೂ ಕಾಲು ಹಿಡ್ಕೊಂಡಿರುತ್ತೆ."

ಗೊಂಬೆ ಪೆಟ್ಟಿಗೆ ತೆಗೆದು ರಾಜ ರಾಣಿಯ ಪಕ್ಕ ಜಾಗ ಮಾಡಿದಳು. ಅಂಗಾತ ಮಲಗಿಸಿದರೆ ಮಡಿಸಿದ ಮಂಡಿಗಳು ಮೇಲಕ್ಕೆ ನಿಂತವು, ಕೂತವನನ್ನು ಹಾಗೇ ಉರುಳಿಸಿದಂತೆ. ಸೀರೆಯ ತುಂಡು ಹೊದಿಸಿ ಜೋಗುಳ ಶುರು ಮಾಡಿದಳು.

"ಅವನಿಗೆ ಕನ್ನಡ ಬರಲ್ಲ ಅಮ್ಮಾ," ಅಂದ ಋಷಿ, ಹಲ್ಲು ಕಟಕಟ ನಡುಗುತ್ತಾ.

"ನಿನಗೇ ಸರಿಯಾಗಿ ಬರಲ್ಲ. ನೀನು ಮಲಗ್ತಿರಲಿಲ್ವಾ?"

ಹಾಡು ಮುಗಿಯುವ ಮೊದಲೇ ಋಷಿ ನೆಲದ ಮೇಲೇ ನಿದ್ದೆ ಹೋಗಿದ್ದ. ಮಾರನೆಯ ಸಂಜೆಯವರೆಗೂ ಏಳಲಿಲ್ಲ. ಏಳುವ ತನಕ ಚಿಕ್ಕಮ್ಮ ಅವನ ಮೂಗಿನ ಹತ್ತಿರ ಕೈ ಹಿಡಿದು ಹಿಡಿದು ನೋಡುತ್ತಿದ್ದಳು.

ಮುಂದಿನ ವರ್ಷದ ಹೊತ್ತಿಗೆ ಕೊಳವನ್ನು ಪ್ರೊಮೋಟರ್ ಒಬ್ಬ ಮಣ್ಣು ತುಂಬಿಸಿ, ಐಟಿಯವರಿಗೆ ಅಂತ ಫ್ಲ್ಯಾಟ್ ಎಬ್ಬಿಸುತ್ತಿದ್ದ. ಕೆರೆ ಮುಚ್ಚಿ ಕಟ್ಟಿದ್ದಕ್ಕೆ ಲೇಕ್ ವ್ಯೂ ಅಂತ ಹೆಸರು, ನಗಬೇಕು. ನವರಾತ್ರಿಗೆ ನಾನು ಮತ್ತೆ ಹೋಗಿದ್ದೆ. ಪಾಡ್ಯದ ಬೆಳಗ್ಗೆ ಚಿಕ್ಕಮ್ಮನೂ ನಾನೂ ಕೂತು ಪೆಟ್ಟಿಗೆ ತೆಗೆದೆವು. ಬೀಗ ಅವಳದೇ, ಬೀಗದ ಕೈ ಅವಳ ಸರದಲ್ಲೇ. ರಾಜ ಎದ್ದ, ರಾಣಿ ಎದ್ದಳು. ಆ ಪುಟ್ಟ ಸೀರೆಯ ತುಂಡನ್ನು ನಾನು ಸರಿಸಿದೆ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ… ನಾನು ಅಂಗೈ ಮೇಲಿಟ್ಟುಕೊಂಡು, ಋಷಿಯ ಭೂತಗನ್ನಡಿ ಹಿಡಿದು ನೋಡಿದೆ. ಮಂಡಿಯಲ್ಲಿ ಬಿರುಕಿಲ್ಲ, ಅಂಟಿಲ್ಲ, ಬಣ್ಣ ಒಡೆದಿಲ್ಲ. ಚಿಕ್ಕಮ್ಮ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮತ್ತೆ ಪೆಟ್ಟಿಗೆಯಲ್ಲಿಟ್ಟು ಹೊದಿಸಿದಳು. "ಎಬ್ಬಿಸಬೇಡ ಬಿಡೇ," ಅಂದಳು ಅಷ್ಟೇ.

ಇವತ್ತಿಗೂ ಪೆಟ್ಟಿಗೆಯಲ್ಲೇ ಇದ್ದಾನೆ. ನಂಬಿಕೆ ಇಲ್ಲದಿದ್ದರೆ ಬಂದು ನೋಡಿ, ನಾನೇ ತೋರಿಸುತ್ತೇನೆ. ಕೂತ ಹಾಗೆ ಎರೆದ ಗೊಂಬೆ… ಎರಡೂ ಕಾಲು ನೀಟಾಗಿ ಚಾಚಿಕೊಂಡು ಮಲಗಿದೆ.