ಟೇಪ್ ಕಪಾಟಿಗೆ ಜೀವ ಬಂದ ಬುಧವಾರ

ನನ್ನ ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ಒಳ್ಳೆಯ ಮಾತುಗಳನ್ನು ಆಡಿದ ನಿರ್ದೇಶಕಿ ಗುನ್‌ವೋರ್ ಅವರೇ, ಎರಡು ವಿಮಾನ ಬದಲಿಸಿ ಬಂದಿರುವ ಮೀನುಗಾರಿಕೆ ಸಲಹಾ ಸಮಿತಿಯ ಅತಿಥಿಗಳೇ, ಮೂವತ್ತನಾಲ್ಕು ವರ್ಷ ನನ್ನೊಡನೆ ಕಾಫಿ ಕುಡಿದ ಸಹೋದ್ಯೋಗಿಗಳೇ, ಮುಂದೆ ಎಷ್ಟು ಕುರ್ಚಿ ಖಾಲಿ ಇದ್ದರೂ ಹಿಂದೆಯೇ ಕೂರುವ ಮೀನುಗಾರರ ಸಂಘದವರೇ, ಎಲ್ಲ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಪಕ್ಕದ ಕೋಣೆಯಲ್ಲಿ ಕೆನೆಯ ಕೇಕು ಕಾಯುತ್ತಿದೆ ಎಂಬುದನ್ನು ನಾನೂ ಬಲ್ಲೆ, ನೀವೂ ಬಲ್ಲಿರಿ. ಆದ್ದರಿಂದ ಚಿಕ್ಕದಾಗಿ ಮುಗಿಸುತ್ತೇನೆ ಎಂದುಕೊಂಡೇ ಎದ್ದು ನಿಂತಿದ್ದೇನೆ.

ಗುನ್‌ವೋರ್ ಅವರು ನನ್ನನ್ನು "ಈ ಕೇಂದ್ರದ ನೆನಪಿನ ಶಕ್ತಿ" ಎಂದರು. ಅದು ಹೆಚ್ಚಾಯಿತು. ನಮ್ಮ ಈ ಮೀನು ಸಂಶೋಧನಾ ಕೇಂದ್ರದ ನೆನಪು ಇರುವುದು ನೆಲಮಹಡಿಯ ಕಪಾಟಿನಲ್ಲಿ. ಹಿಂದಿನ ಸಾಲಿನವರಲ್ಲಿ ಅನೇಕರು ಅದನ್ನು ನೋಡಿಲ್ಲ, ಆದ್ದರಿಂದ ಹೇಳುತ್ತೇನೆ. ಎರಡು ಬಟ್ಟೆಯ ಬೀರುಗಳನ್ನು ಜೋಡಿಸಿದಷ್ಟು ದೊಡ್ಡದು. ಒಳಗೆ ಗೂಡುಗಳು, ಒಂದೊಂದು ಗೂಡಿನಲ್ಲಿ ಅಂಗೈ ಅಗಲದ ಒಂದೊಂದು ಟೇಪು. ನಡುವೆ ಒಂದು ಯಂತ್ರದ ಕೈ ಓಡಾಡುತ್ತದೆ. ಬೇಕಾದ ಟೇಪನ್ನು ಎತ್ತಿ ಓದುವ ಯಂತ್ರಕ್ಕೆ ಕೊಡುತ್ತದೆ, ಓದಿದ ಮೇಲೆ ಮತ್ತೆ ಗೂಡಿಗೆ ಇಡುತ್ತದೆ. ನಮ್ಮ ಸಮೀಕ್ಷೆಯ ಹಡಗು ನೀರಿನೊಳಕ್ಕೆ ಸದ್ದು ಕಳಿಸಿ, ಮೀನಿನ ಹಿಂಡಿಗೆ ತಾಗಿ ಮರಳಿದ ಪ್ರತಿ ಪ್ರತಿಧ್ವನಿಯೂ ಆ ಟೇಪುಗಳಲ್ಲಿದೆ. ಬೇರೆಲ್ಲೂ ಇಲ್ಲ. ನಾನು ಈ ಕೆಲಸಕ್ಕೆ ಸೇರಿದಾಗ ಆ ಕೈಯ ಕೆಲಸವನ್ನು ನಾನೇ ಮಾಡುತ್ತಿದ್ದೆ. ಅದಕ್ಕೆ ಬೆನ್ನುನೋವಿಲ್ಲ, ಅಷ್ಟೇ ವ್ಯತ್ಯಾಸ.

ಕಳೆದ ಫೆಬ್ರವರಿಯಲ್ಲಿ ಆ ಕಪಾಟು ಸತ್ತಿತು. ಅದಕ್ಕೆ ಕರೆಂಟು ಉಣಿಸಲು ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪವರ್ ಸಪ್ಲೈ ಇವೆ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಎಡಗಡೆಯದು ಅಕ್ಟೋಬರಿನಲ್ಲೇ ಕೆಟ್ಟಿತ್ತು. ಹೊಸದಕ್ಕೆ ಬರೆದೆವು. ಆ ಮಾದರಿ ಈಗ ತಯಾರಾಗುವುದಿಲ್ಲ, ಹುಡುಕಿ ತಿಳಿಸುತ್ತೇವೆ ಎಂದು ಉತ್ತರ ಬಂತು. ಹುಡುಕುತ್ತಲೇ ಇದ್ದರು. ಒಂದು ಸೋಮವಾರ ಬೆಳಿಗ್ಗೆ ಬಲಗಡೆಯದೂ ಕೈಕೊಟ್ಟಿತು. ನಾನು ಬಾಗಿಲು ತೆರೆದಾಗ ದೀಪಗಳೆಲ್ಲ ಆರಿದ್ದವು. ಯಂತ್ರದ ಕೈ ಒಂದು ಟೇಪನ್ನು ಹಿಡಿದುಕೊಂಡು ಅರ್ಧದಾರಿಯಲ್ಲಿ ನಿಂತಿತ್ತು.

ಬೇರೆ ವಾರವಾಗಿದ್ದರೆ ಕಾಯಬಹುದಿತ್ತು. ಆ ವಾರ ಕಾಯುವಂತಿರಲಿಲ್ಲ. ಗ್ರೆನ್‌ಫ್ಯೋರ್ಡ್ ಕೊಲ್ಲಿಯಲ್ಲಿ ಕಾಡ್ ಎಂಬ ಮೀನು ಹಿಡಿಯುವುದನ್ನು ನಮ್ಮ ಸಲಹೆಯ ಮೇಲೆ ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. ನಮ್ಮ ಸಿಗ್ವೆ, ಲೆಕ್ಕದ ವಿಜ್ಞಾನಿ, ಜನವರಿಯಲ್ಲಿ ಒಂದು ತಪ್ಪು ಹಿಡಿದಿದ್ದ. ಹನ್ನೊಂದು ವರ್ಷದ ಹಿಂದೆ ಹಡಗು ದುರಸ್ತಿಯಾದಾಗ ಪ್ರತಿಧ್ವನಿ ಅಳೆಯುವ ಉಪಕರಣಕ್ಕೆ ಹೊಸ ಅಂಕಿ ಕೊಟ್ಟಿದ್ದರು. ನಮ್ಮ ಕಡತದಲ್ಲಿ ಬೇರೆ ಅಂಕಿ ಕುಳಿತಿತ್ತು. ಅಂದಿನಿಂದ ನಾವು ಮೀನನ್ನು ಇದ್ದುದಕ್ಕಿಂತ ಕಡಿಮೆ ಎಣಿಸುತ್ತಿದ್ದೆವು. ಎಷ್ಟು ಕಡಿಮೆ? ಎಲ್ಲ ಟೇಪುಗಳನ್ನೂ ಮತ್ತೆ ಓದಿದರೆ ಮಾತ್ರ ತಿಳಿಯುತ್ತಿತ್ತು. ಸಲಹಾ ಸಮಿತಿ ಶುಕ್ರವಾರ ಮಧ್ಯಾಹ್ನದವರೆಗೆ ಗಡುವು ಕೊಟ್ಟಿತ್ತು. ತಪ್ಪಿದರೆ ಕೊಲ್ಲಿ ಇನ್ನೊಂದು ವರ್ಷ ಮುಚ್ಚಿಯೇ ಇರಬೇಕು. ಹಗಲು ರಾತ್ರಿ ನಡೆದರೂ ಓದಲು ಒಂದೂವರೆ ದಿನ ಬೇಕು. ಕಪಾಟಿಗೆ ಕರೆಂಟಿಲ್ಲ!

ಆ ಇಡೀ ಸೋಮವಾರ ಫೋನಿನಲ್ಲೇ ಕಳೆದೆ. ಸಂಜೆ ನಾಲ್ಕಕ್ಕೆ ವೇರಹೋಮ್ ದ್ವೀಪದ ಪುರಸಭೆಯ ಹಾಲ್ದಿಸ್ ಸಿಕ್ಕಳು. ಆ ಪುರಸಭೆಯವರೂ ಹಿಂದೆ ನಕ್ಷೆಗಳನ್ನು ಇಡಲು ಇದೇ ಕಪಾಟು ತರಿಸಿದ್ದರು.

"ಇದೆ ಕಣ್ರೀ, ಮೂಲೇಲಿ ನಿಂತಿದೆ" ಎಂದಳು. "ಆರು ವರ್ಷದಿಂದ ನಾವು ಅದರ ಮೇಲೆ ಹೂಕುಂಡ ಇಟ್ಟಿದ್ದೀವಿ. ನೀರೇನೂ ಜಾಸ್ತಿ ಹಾಕಿಲ್ಲ, ಹೆದರ್ಕೋಬೇಡಿ."

ಹಿಂದಿನ ಎರಡು ಪೆಟ್ಟಿಗೆ ಕಳಚಿ ಕೊಡುತ್ತೀರಾ ಎಂದೆ. "ಕೊಡ್ತೀನಿ, ಆದ್ರೆ ತಗೊಂಡು ಹೋಗೋರ್ಯಾರು? ಫೆರಿ ದೋಣಿ ನಿಂತಿದೆ. ಗಾಳಿ ನೋಡಿದ್ರೆ ಗುರುವಾರದವರೆಗೂ ಬರಲ್ಲ" ಎಂದಳು.

ಸಭಿಕರೇ, ಅಂಥ ಗಾಳಿಯಲ್ಲಿ ವೇರಹೋಮಿನ ಕಡಲನ್ನು ದಾಟಬಲ್ಲ ದೋಣಿ ಈ ಊರಿನಲ್ಲಿ ಎಷ್ಟಿವೆ? ನಿಮಗೇ ಗೊತ್ತು. ಎರಡು. ಒಂದು ದುರಸ್ತಿಗೆ ದಡ ಹತ್ತಿತ್ತು. ಇನ್ನೊಂದು ಅಲ್ಲಿ ಹಿಂದೆ ಕುಳಿತಿರುವ ನನ್ನ ಅಣ್ಣ ಅರ್ನುಲ್ಫನದು.

ಅಣ್ಣನೂ ನಾನೂ ಹನ್ನೊಂದು ವರ್ಷ ಮಾತಾಡಿರಲಿಲ್ಲ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿರುವುದನ್ನು ಮುಚ್ಚಿಡುವುದು ಹೇಗೆ? ಕೊಲ್ಲಿ ಮುಚ್ಚಿದ ತಿಂಗಳಲ್ಲೇ ನಮ್ಮ ತಂದೆ ತೀರಿಕೊಂಡರು. ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕುಳಿತಾಗ ಅಣ್ಣ ನನ್ನ ಮುಂದೆ ನಿಂತು, "ಅಪ್ಪ ಐವತ್ತು ವರ್ಷ ಬಲೆ ಹಾಕಿದ ನೀರು ಅದು. ಅಲ್ಲಿ ಮೀನಿಲ್ಲ ಅಂತ ನಿನ್ನ ಬೀರು ಹೇಳ್ತಾ? ಹಾಗಾದ್ರೆ ಅದರ ಹತ್ರಾನೇ ಇರು" ಎಂದ. ನಾನೂ ಸುಮ್ಮನಿರಲಿಲ್ಲ. "ನಿಂಗೆ ಓದೋಕೆ ಬಂದಿದ್ರೆ ಅರ್ಥ ಆಗ್ತಿತ್ತು" ಎಂದೆ. ಅಣ್ಣನಿಗೆ ಶಾಲೆಯಲ್ಲಿ ಅಕ್ಷರ ಒಲಿಯಲಿಲ್ಲ. ಚಿಕ್ಕಂದಿನಲ್ಲಿ ಅವನ ಪಾಠ ಓದಿ ಹೇಳುತ್ತಿದ್ದವಳು ನಾನೇ. ನೂರು ಜನರ ಮುಂದೆ ಆ ಮಾತು ಆಡಿದ್ದೆ. ಮರೆಯುವಂಥ ಮಾತೇ ಅದು?

ಫೋನು ಮಾಡಿದೆ. ಎತ್ತಿದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಕಪಾಟು, ಟೇಪು, ಶುಕ್ರವಾರ, ಹಾಲ್ದಿಸ್, ಹೂಕುಂಡ. ಆ ಕಡೆ ಎಂಜಿನ್ನಿನ ಸದ್ದು ನಿಂತಿತು. ಕೊನೆಗೆ ಕೇಳಿದ:

"ಎಷ್ಟು ತೂಕ ಅದು?"

ಅಷ್ಟೇ. ಬೈಯಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ.

ಬುಧವಾರ ಮಧ್ಯಾಹ್ನ ಒಂದೂವರೆಗೆ ಅವನ ದೋಣಿ ಬಂದರಿಗೆ ಬಂತು. ಹೋಗುವಾಗ ಐದು ಗಂಟೆ, ಬರುವಾಗ ಏಳು ಗಂಟೆ ಹಿಡಿದಿತ್ತಂತೆ. ಮೀನು ತುಂಬುವ ಪೆಟ್ಟಿಗೆಯಲ್ಲಿ ತನ್ನ ಎರಡು ಉಣ್ಣೆಯ ಅಂಗಿಗಳನ್ನು ಹಾಸಿ, ನಡುವೆ ಆ ಪವರ್ ಸಪ್ಲೈಗಳನ್ನು ಮಲಗಿಸಿದ್ದ. ತಾನು ಮಾತ್ರ ಒದ್ದೆಯಾಗಿ ನಡುಗುತ್ತಿದ್ದ.

"ಎರಡು ಕಿಲೋನೂ ಇಲ್ವಲ್ಲೇ ಇದು" ಎಂದ. ಹನ್ನೊಂದು ವರ್ಷದ ಮೇಲೆ ಮುಖ ನೋಡಿ ಆಡಿದ ಮೊದಲ ಮಾತು! "ಇಷ್ಟು ಸಣ್ಣ ಮೀನಾಗಿದ್ರೆ ವಾಪಸ್ ನೀರಿಗೆ ಬಿಡ್ತಿದ್ದೆ."

ಕೊಟ್ಟು ಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. "ತಂದಿದ್ದು ಕೆಲಸ ಮಾಡತ್ತೋ ಇಲ್ವೋ ನೋಡ್ದೆ ಹೋಗಲ್ಲ" ಎಂದು ನೆಲಮಹಡಿಗೇ ಇಳಿದು ಬಂದ.

ಪವರ್ ಸಪ್ಲೈ ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಗೋಡೆಯ ಸ್ವಿಚ್ಚು ಆರಿಸಬೇಕು, ವೈರು ಕೀಳಬೇಕು, ಹಿಡಿಕೆಯ ಪಕ್ಕದ ಕೊಂಡಿಯನ್ನು ಬೆರಳಿನಿಂದ ಒತ್ತಿ ನೇರವಾಗಿ ಎಳೆಯಬೇಕು. ಹೊಸದನ್ನು ಕಟ್ಟೆಂದು ಸದ್ದಾಗುವ ತನಕ ತಳ್ಳಬೇಕು. ಸಾವಿರ ಸಲ ಹೇಳಿಕೊಟ್ಟಿದ್ದೇನೆ. ಹಳೆಯವೆರಡನ್ನೂ ಎಳೆದೆ. ಹಾಲ್ದಿಸ್ ಕೊಟ್ಟ ಮೊದಲನೆಯದನ್ನು ಎಡಗಡೆ ತಳ್ಳಿದೆ, ವೈರು ಸಿಕ್ಕಿಸಿದೆ, ಸ್ವಿಚ್ಚು ಹಾಕಿದೆ. ಏನೂ ಇಲ್ಲ. ಇನ್ನೊಮ್ಮೆ ತೆಗೆದು ಹಾಕಿದೆ. ಏನೂ ಇಲ್ಲ.

"ನೀರು ಜಾಸ್ತಿ ಹಾಕಿದಾಳೆ ಅವಳು" ಎಂದ ಅಣ್ಣ.

ನಗು ಬರಲಿಲ್ಲ. ಇನ್ನು ಉಳಿದಿದ್ದು ಒಂದೇ. ಅದನ್ನು ಬಲಗಡೆ ತಳ್ಳಿದೆ. ಕೊಂಡಿ ಕಟ್ಟೆಂದಿತು. ಸ್ವಿಚ್ಚು ಹಾಕಿದೆ. ಹಳದಿ ದೀಪ ಹತ್ತಿತು. ಹಳದಿಯೆಂದರೆ ಇನ್ನೂ ಖಾತ್ರಿಯಿಲ್ಲ. ಇಬ್ಬರೂ ಬಗ್ಗಿ ಅದನ್ನೇ ನೋಡುತ್ತಿದ್ದೆವು. ನಾಲ್ಕು ಸೆಕೆಂಡೋ, ಐದೋ. ಹಸಿರಾಯಿತು. ಫ್ಯಾನು ತಿರುಗಿತು. ಒಳಗೆ ಆ ಕೈ ಒಮ್ಮೆ ಅದುರಿ, ಮೂರು ದಿನದಿಂದ ಹಿಡಿದಿದ್ದ ಟೇಪನ್ನು ಮೆಲ್ಲಗೆ ಒಯ್ದು ಅದರ ಗೂಡಿನಲ್ಲಿ ಇಟ್ಟಿತು. ನಾನು ನೆಲದ ಮೇಲೆ ಕುಳಿತುಬಿಟ್ಟೆ.

ಮತ್ತೆ ಜೀವ ಬಂದಾಗ ಆ ಕೈ ಎಲ್ಲ ಗೂಡುಗಳನ್ನೂ ಒಂದೊಂದಾಗಿ ನೋಡಿಕೊಂಡು ಬರುತ್ತದೆ. ಅದಕ್ಕೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಅಣ್ಣನೂ ನಾನೂ ನೆಲದ ಮೇಲೆಯೇ ಕುಳಿತು ಅವನ ಡಬ್ಬಿಯ ಬ್ರೆಡ್ಡು, ಕಂದು ಚೀಸು ಹಂಚಿಕೊಂಡು ತಿಂದೆವು. ಆಗ ಅವನು ಕೇಳಿದ:

"ಅಲ್ಲಾ ಊಡ್ರುನ್, ಇಷ್ಟು ವರ್ಷ ಈ ತಪ್ಪು ಯಾರ ಕಣ್ಣಿಗೂ ಬೀಳ್ಲಿಲ್ವಾ?"

"ಇಲ್ಲ" ಎಂದೆ ನಾನು.

ಸಭಿಕರೇ, ಮುಂದಿನದು ನಿಮಗೆ ಗೊತ್ತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸಿಗ್ವೆ ಲೆಕ್ಕ ಮುಗಿಸಿದ. ಮೊದಲ ಒಂಬತ್ತು ವರ್ಷ ಕೊಲ್ಲಿಯಲ್ಲಿ ಮೀನು ನಿಜವಾಗಿಯೂ ಕಡಿಮೆಯಿತ್ತು, ಮುಚ್ಚಿದ್ದು ಸರಿ. ಕೊನೆಯ ಎರಡು ವರ್ಷ ಮುಚ್ಚಿದ್ದು ತಪ್ಪು. ಈಗ ಕೊಲ್ಲಿ ತೆರೆದಿದೆ. ಎಲ್ಲರೂ ಸಿಗ್ವೆಯ ಬೆನ್ನು ತಟ್ಟಿದರು, ತಟ್ಟಬೇಕಾದ್ದೇ. ಇಲ್ಲಿಗೆ ಧನ್ಯವಾದ ಹೇಳಿ ಕೂರಬೇಕು ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ಆದರೆ ಕೂರಲಾರೆ.

ಸಿಗ್ವೆ, ಜನವರಿಯಲ್ಲಿ ನಿನ್ನ ಮೇಜಿನ ಮೇಲೆ ಒಂದು ಹಳೆಯ ಚೀಟಿ ಬಿದ್ದಿತ್ತು, ಹಡಗಿನವರು ಪೆನ್ಸಿಲಿನಲ್ಲಿ ಬರೆದ ಅಂಕಿ. ಅದು ಎಲ್ಲಿಂದ ಬಂತು ಎಂದು ನೀನು ಇಂದಿಗೂ ಕೇಳಿಲ್ಲ. ಇಟ್ಟವಳು ನಾನು. ಆ ಚೀಟಿ ಹನ್ನೊಂದು ವರ್ಷ ನನ್ನ ಡ್ರಾಯರಿನಲ್ಲಿತ್ತು. ಹಡಗಿನಿಂದ ಟೇಪುಗಳ ಜೊತೆ ಅದು ಬಂದ ದಿನವೇ ಕಡತಕ್ಕೂ ಅದಕ್ಕೂ ತಾಳೆಯಾಗದ್ದನ್ನು ನೋಡಿದ್ದೆ. ಅಂದಿನ ಮೇಲಧಿಕಾರಿಗೆ ಒಮ್ಮೆ ಹೇಳಿದೆ. "ಟೇಪು ನೀವು ನೋಡ್ಕೊಳ್ಳಿ, ಮೀನು ನಾವು ನೋಡ್ಕೋತೀವಿ" ಎಂದರು. ಅವರು ಈಗಿಲ್ಲ, ಅವರ ಮೇಲೆ ಹೊರಿಸುವುದಿಲ್ಲ. ಎರಡನೆಯ ಸಲ ನಾನೇಕೆ ಹೇಳಲಿಲ್ಲ? ಅಣ್ಣನಿಗಾಗಿ ಬಾಯಿ ಬಿಡುತ್ತಾಳೆ ಎಂದು ಜನ ಆಡಿಕೊಂಡಾರು ಎಂಬ ಹೆದರಿಕೆ. ನನಗೆ ನಾನೇ ಹೇಳಿಕೊಂಡ ಕಾರಣ ಅದು. ನಿಜ ಹೇಳಲೇ? ಅಪ್ಪನ ಮಣ್ಣಿನ ದಿನದ ಸಿಟ್ಟು ಇನ್ನೂ ಇತ್ತು. ಮುಚ್ಚಿರಲಿ ಎನ್ನಿಸಿತು. ಆಮೇಲೆ ಸಿಟ್ಟು ಹೋಯಿತು, ನಾಚಿಕೆ ಬಂತು. ವರ್ಷ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ಆ ಶುಕ್ರವಾರ ಸಿಗ್ವೆ "ಒಂಬತ್ತು ವರ್ಷ ಸರಿ" ಎಂದಾಗ ನಾನು ಮಹಿಳೆಯರ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಹನ್ನೊಂದೂ ತಪ್ಪಾಗಿದ್ದರೆ ಇಂದು ಈ ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲ. ಆದರೆ ಆ ಎರಡು ವರ್ಷ ನನ್ನವು. ಆ ಎರಡು ವರ್ಷಗಳಲ್ಲಿ ಇಲ್ಲಿ ಮೂವರು ದೋಣಿ ಮಾರಿದರು. ಅವರೂ ಹಿಂದಿನ ಸಾಲಿನಲ್ಲಿದ್ದಾರೆ. ನಾನು ಕ್ಷಮೆ ಕೇಳುತ್ತೇನೆ. ಕೊಡಲೇಬೇಕೆಂದಿಲ್ಲ.

ಗುನ್‌ವೋರ್ ಅವರೇ, ನೀವು ಕೊಟ್ಟ ಈ ಹೂಗುಚ್ಛವನ್ನು ಹಿಂದೆ ತೆಗೆದುಕೊಳ್ಳುತ್ತೀರೋ ಏನೋ, ನಿಮಗೆ ಬಿಟ್ಟದ್ದು. ಹೇಳಿದ ಮೇಲೆ ಮೈ ಹಗುರಾಗಿದೆ.

ಅಣ್ಣ, ಆ ಬುಧವಾರ ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ. ಆ ಕಡಲಲ್ಲಿ ಹನ್ನೆರಡು ಗಂಟೆ ಒದ್ದಾಡಿ ಬಂದವನಿಗೆ, ನಿನ್ನದೇ ಬ್ರೆಡ್ಡು ತಿನ್ನುತ್ತ ಸುಳ್ಳು ಹೇಳಿದೆ. ಮೊದಲು ನಿನ್ನ ಮನೆಗೆ ಬಂದು ನಿನಗೆ ಹೇಳಬೇಕಿತ್ತು. ಎರಡು ಸಲ ನಿನ್ನ ಗೇಟಿನವರೆಗೆ ಬಂದು ಹಿಂತಿರುಗಿದೆ. ಓದೋಕೆ ಬರಲ್ಲ ಎಂದೆನಲ್ಲ ಅಂದು, ಓದಲು ಬಲ್ಲ ನಾನು ಓದಿಯೂ ಸುಮ್ಮನಿದ್ದೆ.

ನೀನು ಎದ್ದು ನಿಂತಿದ್ದೀಯ. ಕಾಣುತ್ತಿದೆ. ಹೋಗುವುದಾದರೆ ಹೋಗು, ತಪ್ಪು ತಿಳಿಯುವುದಿಲ್ಲ.

...

ಸಭಿಕರೇ, ಮುಂದಿನವರು ತಿರುಗಿ ನೋಡುವ ಕಷ್ಟ ಪಡಬೇಡಿ, ನಾನೇ ಹೇಳುತ್ತೇನೆ. ಅವನು ತನ್ನ ಜಾಕೆಟ್ಟು ಬಿಚ್ಚಿ, ಕುರ್ಚಿಯ ಬೆನ್ನಿಗೆ ಹಾಕಿ, ಮತ್ತೆ ಕುಳಿತುಕೊಂಡ.

ನನಗೆ ಇನ್ನೇನೂ ಬೇಡ. ಇಷ್ಟು ಹೊತ್ತು ಕೇಕನ್ನು ಕಾಯಿಸಿ ನನ್ನನ್ನು ಕೇಳಿದ ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.